ಬೀಡಿ ಸೇದುವವರ ಕಾಲುಬೇನೆ: ಗುರುತಿಸುವ ಬಗೆ, ಕಾಲು ಉಳಿಸಿಕೊಳ್ಳುವ ದಾರಿ

(ರೈತರ ಮಾಸಿಕ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ನಾನು ಈ ಸಭೆಗೆ ಬಂದಾಗಲೆಲ್ಲ ಬೀಜೋಪಚಾರ, ಕಾಂಪೋಸ್ಟ್ ಗುಂಡಿ, ಸಾಲು ನಾಟಿ ಇವುಗಳ ಮಾತನ್ನೇ ಆಡುವುದು ವಾಡಿಕೆ. ಇಂದು ಬೆಳೆಯ ವಿಷಯವನ್ನು ಬದಿಗಿಟ್ಟು ಕಾಲಿನ ವಿಷಯ ಹೇಳಬೇಕೆಂದು ಬಂದಿದ್ದೇನೆ. ಎಷ್ಟು ಒಳ್ಳೆಯ ಬೀಜ ತಂದರೂ, ಎಷ್ಟು ಗೊಬ್ಬರ ಹಾಕಿದರೂ, ಗದ್ದೆಯ ಬದುವಿನ ಮೇಲೆ ನಡೆಯಲು ಕಾಲು ಇಲ್ಲದಿದ್ದರೆ ಬೇಸಾಯ ಮಾಡುವುದು ಹೇಗೆ?

ನಾನು ಕೃಷಿ ಡಿಪ್ಲೊಮಾ ಓದಿದವನೇ ಹೊರತು ವೈದ್ಯನಲ್ಲ. ಈಗ ಹೇಳುವುದನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳ ಹತ್ತಿರ ಕೂತು ಕೇಳಿ ಬರೆದುಕೊಂಡು ಬಂದಿದ್ದೇನೆ. ಹಾಗೆ ಹೋಗಿ ಕೇಳಲು ಒಂದು ಕಾರಣವಿದೆ. ಅದು ನನ್ನಿಂದಲೇ ಆದ ತಪ್ಪು. ಮೊದಲು ಅದನ್ನು ಹೇಳಿಬಿಡುತ್ತೇನೆ.

ನನ್ನಿಂದಾದ ತಪ್ಪು

ನಮ್ಮ ಬ್ಲಾಕಿನ ಒಂದು ಹಳ್ಳಿಯಲ್ಲಿ ಒಬ್ಬ ರೈತರಿದ್ದಾರೆ. ವಯಸ್ಸು 34. ಕೆರೆಯ ಹಿಂದೆ ಎರಡು ಎಕರೆ ಗದ್ದೆ, ಮೇಲೆ ಸ್ವಲ್ಪ ರಾಗಿ ಹೊಲ. ಸಾಲು ನಾಟಿಯ ಪ್ರಾತ್ಯಕ್ಷಿಕೆಗೆ ಅವರ ಗದ್ದೆಯನ್ನೇ ಆರಿಸಿದ್ದೆ. ಊರಿನಿಂದ ಗದ್ದೆಗೆ ಕೆರೆ ಏರಿಯ ಮೇಲೆ ಅರ್ಧ ಮೈಲಿ ದಾರಿ. ಅಷ್ಟು ದೂರ ನಡೆಯುವುದರಲ್ಲಿ ಆತ ಮೂರು ಸಲ ಕೂರುತ್ತಿದ್ದರು. ಕೂತು ಅಂಗಾಲನ್ನು ತಿಕ್ಕಿಕೊಳ್ಳುವುದು, ಒಂದು ಬೀಡಿ ಹಚ್ಚುವುದು, ಎರಡು ಮೂರು ನಿಮಿಷ ಬಿಟ್ಟು ಏಳುವುದು. ನಾನು ಮನಸ್ಸಿನಲ್ಲಿ ಈತ ಸೋಮಾರಿ ಎಂದುಕೊಂಡೆ. ಒಂದು ದಿನ ಅವರೇ, “ಸ್ವಾಮಿ, ನಡೆದರೆ ಪಾದ ಹಿಂಡಿದಂಗೆ ಆಯ್ತದೆ, ಕೂತರೆ ಬಿಡ್ತದೆ” ಎಂದರು. ನಾನು ತಿಳಿದವನಂತೆ, “ವಾತ ಇರಬೇಕು. ರಾತ್ರಿ ಬಿಸಿನೀರಿಗೆ ಉಪ್ಪು ಹಾಕಿ ಕಾಲು ಅದ್ದಿಡಿ” ಎಂದೆ.

ಅವರು ಹಾಗೆಯೇ ಮಾಡಿದರು. ಕಾಲು ತಣ್ಣಗಿದ್ದುದರಿಂದ ನೀರು ಚೆನ್ನಾಗಿ ಬಿಸಿಯಿದ್ದರೇ ಹಿತವೆಂದು ಸುಡುವ ನೀರನ್ನೇ ಹಾಕಿಕೊಂಡರು. ಬೆರಳ ಮೇಲೆ ಬೊಬ್ಬೆ ಎದ್ದಿತು. ಬೊಬ್ಬೆ ಒಡೆದು ಹುಣ್ಣಾಯಿತು. ಹುಣ್ಣು ಒಂದು ತಿಂಗಳಾದರೂ ಮಾಯಲಿಲ್ಲ. ಬೆರಳು ಕಪ್ಪಾಯಿತು. ಆಮೇಲೆ ಆಸ್ಪತ್ರೆಗೆ ಹೋದೆವು. ವೈದ್ಯಾಧಿಕಾರಿಗಳು ಕಾಲನ್ನು ಮುಟ್ಟಿ ನೋಡಿ ಕೇಳಿದ ಮೊದಲ ಪ್ರಶ್ನೆ, “ದಿನಕ್ಕೆ ಎಷ್ಟು ಬೀಡಿ?” ಎಂದು. ಎರಡು ಕಟ್ಟು. ಹದಿನೈದನೆಯ ವಯಸ್ಸಿನಿಂದ.

ಆ ರೈತರ ಒಪ್ಪಿಗೆ ಪಡೆದೇ ಇದನ್ನು ನಿಮಗೆ ಹೇಳುತ್ತಿದ್ದೇನೆ. ನಾನು ಅಂದು ಬಿಸಿನೀರು ಎನ್ನುವ ಬದಲು ಆಸ್ಪತ್ರೆ ಎಂದಿದ್ದರೆ ಅವರ ಬೆರಳುಗಳು ಉಳಿಯುತ್ತಿದ್ದವೋ ಏನೋ.

ಇದು ಎಂಥ ರೋಗ?

ಇದು ರಕ್ತನಾಳಗಳ ಉರಿಯೂತ. ಕೈಕಾಲುಗಳ ಸಣ್ಣ ಮತ್ತು ಮಧ್ಯಮ ಗಾತ್ರದ ರಕ್ತನಾಳಗಳು ಒಳಗೆ ಊದಿಕೊಂಡು, ಅಲ್ಲಿ ರಕ್ತ ಹೆಪ್ಪುಗಟ್ಟಿ, ದಾರಿ ಮುಚ್ಚಿಹೋಗುತ್ತದೆ. ಲಿಯೋ ಬರ್ಜರ್ ಎಂಬ ವೈದ್ಯರು 1908ರಲ್ಲಿ ನ್ಯೂಯಾರ್ಕ್ ನಗರದಲ್ಲಿ, ಕತ್ತರಿಸಿ ತೆಗೆದ ಕಾಲುಗಳನ್ನು ಪರೀಕ್ಷಿಸಿ ಇದನ್ನು ವಿವರವಾಗಿ ಬರೆದರು. ಆದುದರಿಂದ ಇದಕ್ಕೆ ಬರ್ಜರ್ ರೋಗ ಎಂದು ಹೆಸರು.

ನಿಮಗೆ ಗೊತ್ತಿರುವ ಎರಡು ವಿಷಯಗಳಿಂದ ಇದನ್ನು ತಿಳಿಸುತ್ತೇನೆ. ಕೆರೆಯ ತೂಬು ತೆರೆದಿದೆ, ಕಾಲುವೆಯಲ್ಲಿ ಹೂಳು ತುಂಬಿದೆ ಎನ್ನಿ. ಮೊದಲು ಒಣಗುವುದು ಯಾವ ಗದ್ದೆ? ಅಚ್ಚುಕಟ್ಟಿನ ಕೊನೆಯ ಗದ್ದೆ. ನಮ್ಮ ಮೈಯಲ್ಲಿ ಹೃದಯವೇ ಕೆರೆ, ರಕ್ತನಾಳವೇ ಕಾಲುವೆ. ಕಾಲಿನ ಬೆರಳುಗಳು ಕೊನೆಯ ಗದ್ದೆ. ಕೆರೆಯಲ್ಲಿ ನೀರಿದ್ದೂ ಕೊನೆಯ ಗದ್ದೆ ಒಣಗುವಂತೆ, ಹೃದಯ ಗಟ್ಟಿಯಾಗಿದ್ದರೂ ಬೆರಳು ಒಣಗುತ್ತದೆ.

ಎರಡನೆಯದು, ಬದನೆ ಮತ್ತು ಟೊಮೇಟೊ ಗಿಡಕ್ಕೆ ಬರುವ ಸೊರಗು ರೋಗ. ನೆಲದಲ್ಲಿ ತೇವವಿದ್ದರೂ ಗಿಡ ಮಧ್ಯಾಹ್ನ ಬಾಡುತ್ತದೆ. ಕಾಂಡವನ್ನು ಕೊಯ್ದು ತಿಳಿನೀರಿನ ಲೋಟದಲ್ಲಿ ಇಳಿಬಿಟ್ಟರೆ ಹಾಲಿನಂಥ ಎಳೆ ಇಳಿಯುವುದನ್ನು ನಿಮಗೆ ತೋರಿಸಿದ್ದೇನೆ. ನೀರು ಏರುವ ಕೊಳವೆಯೇ ಕಟ್ಟಿದ ಮೇಲೆ ಬುಡಕ್ಕೆ ಎಷ್ಟು ನೀರು ಹೊಯ್ದರೇನು ಫಲ? ಹಾಗೆಯೇ ಈ ರೋಗದಲ್ಲಿ ಮೇಲಿನಿಂದ ಎಣ್ಣೆ ತಿಕ್ಕುವುದರಿಂದ, ಶಾಖ ಕೊಡುವುದರಿಂದ ಒಳಗಿನ ಕೊಳವೆ ತೆರೆಯುವುದಿಲ್ಲ.

ಒಂದು ವ್ಯತ್ಯಾಸ ಮಾತ್ರ ನೆನಪಿಡಿ. ಸೊರಗು ರೋಗಕ್ಕೆ ಕ್ರಿಮಿ ಕಾರಣ. ಬರ್ಜರ್ ರೋಗ ಅಂಟುವ ಕ್ರಿಮಿಯಿಂದ ಬರುವುದಲ್ಲ. ಇದು ಹೊಗೆಸೊಪ್ಪಿನ ಬೆನ್ನಿಗೇ ಬರುವ ರೋಗ. ಹೊಗೆಸೊಪ್ಪಿನ ಗೊಡವೆ ಇಲ್ಲದವರಲ್ಲಿ ಇದು ಇಲ್ಲವೆನ್ನುವಷ್ಟು ಅಪರೂಪ. ಬೀಡಿ, ಸಿಗರೇಟು, ಚುಟ್ಟ, ಎಲೆ ಅಡಿಕೆಯೊಡನೆ ಅಗಿಯುವ ಹೊಗೆಸೊಪ್ಪು ಎಲ್ಲವೂ ಒಂದೇ ಲೆಕ್ಕ. ಬೀಡಿ ಚಿಕ್ಕದು, ಎಲೆಯಲ್ಲಿ ಸುತ್ತಿದ್ದು, ಆದುದರಿಂದ ಸೌಮ್ಯ ಎಂಬುದು ತಪ್ಪು ತಿಳಿವಳಿಕೆ. ಹೇನಿಗೂ ಗಿಡಹೇನಿಗೂ ಹೊಗೆಸೊಪ್ಪಿನ ಕಷಾಯ ಹೊಡೆದವರು ನಿಮ್ಮಲ್ಲಿ ಹಲವರಿದ್ದೀರಿ. ಹುಳು ಕೊಲ್ಲುವ ಅದೇ ನಿಕೋಟಿನ್ ನಮ್ಮ ರಕ್ತಕ್ಕೂ ಸೇರುತ್ತದೆ ಎಂಬುದನ್ನು ಮಾತ್ರ ನಾವು ಮರೆತಿದ್ದೇವೆ.

ಈ ರೋಗ ಮುದುಕರನ್ನು ಹುಡುಕಿಕೊಂಡು ಬರುವುದಲ್ಲ. ಹೆಚ್ಚಾಗಿ 45 ವರ್ಷದೊಳಗಿನ ಗಂಡಸರನ್ನು, ಅಂದರೆ ಮನೆಯ ನೊಗ ಹೊತ್ತವರನ್ನೇ ಹಿಡಿಯುತ್ತದೆ. ಹೊಗೆಸೊಪ್ಪು ಬಳಸುವ ಹೆಂಗಸರಿಗೂ ಬರುವುದುಂಟು.

ಗುರುತಿಸುವುದು ಹೇಗೆ?

ವೈದ್ಯಾಧಿಕಾರಿಗಳು ಹೇಳಿದ ಗುರುತುಗಳನ್ನು ಕ್ರಮವಾಗಿ ಹೇಳುತ್ತೇನೆ.

ಒಂದು: ನಡೆಯುವಾಗ ನೋವು, ನಿಂತರೆ ಶಮನ. ಸಾಮಾನ್ಯವಾಗಿ ಇದು ಅಂಗಾಲಿನ ನಡುವೆ ಹಿಂಡಿದಂತೆ ಮೊದಲಾಗಿ, ಆಮೇಲೆ ಮೀನಖಂಡಕ್ಕೆ ಏರುತ್ತದೆ. ದಿನ ಕಳೆದಂತೆ ನೋವಿಲ್ಲದೆ ನಡೆಯುವ ದೂರ ಕಡಮೆಯಾಗುತ್ತದೆ.

ಎರಡು: ಕಾಲು ಅಥವಾ ಕೈ ಬೆರಳು ತಣ್ಣಗಿರುವುದು. ಚಳಿಯಲ್ಲಿ, ತಣ್ಣೀರು ಮುಟ್ಟಿದಾಗ ಬೆರಳು ಬಿಳಿಚಿ, ನೀಲಿಯಾಗಿ, ಮತ್ತೆ ಕೆಂಪಾಗುವುದು.

ಮೂರು: ಚರ್ಮದಡಿಯ ನಾಳ ಕೆಂಪಗೆ, ಹಗ್ಗದಂತೆ ಗಟ್ಟಿಯಾಗಿ ನೋಯುವುದು. ಒಂದು ಕಡೆ ವಾಸಿಯಾಗಿ ಇನ್ನೊಂದು ಕಡೆ ಕಾಣಿಸಿಕೊಳ್ಳುವುದು. ಇದು ಎಲ್ಲರಲ್ಲಿಯೂ ಇರುವುದಿಲ್ಲ. ಇದ್ದರೆ ಅಲಕ್ಷ್ಯ ಮಾಡತಕ್ಕದ್ದಲ್ಲ.

ನಾಲ್ಕು: ಕಾಲನ್ನು ಮೇಲೆತ್ತಿದರೆ ಬಿಳಿಚುವುದು, ಇಳಿಬಿಟ್ಟರೆ ಕೆಂಪು ಅಥವಾ ನೀಲಿ ಬಣ್ಣಕ್ಕೆ ತಿರುಗುವುದು.

ಐದು: ರಾತ್ರಿ ಮಲಗಿದಾಗಲೂ ನೋವು. ರೋಗಿ ನಿದ್ದೆಯಿಲ್ಲದೆ ಎದ್ದು ಕೂತು, ಕಾಲನ್ನು ಮಂಚದಿಂದ ಕೆಳಗೆ ಇಳಿಬಿಟ್ಟುಕೊಳ್ಳುತ್ತಾನೆ. ಇದು ರೋಗ ಬಲಿತ ಗುರುತು.

ಆರು: ಬೆರಳ ತುದಿಯಲ್ಲಿ ಮಾಯದ ಹುಣ್ಣು, ಆಮೇಲೆ ಕಪ್ಪಾಗುವುದು. ಕಪ್ಪಾದ ಭಾಗ ಸತ್ತ ಭಾಗ. ಅದು ಮತ್ತೆ ಚಿಗುರುವುದಿಲ್ಲ.

ನಾಡಿಯನ್ನು ನೀವೇ ಮುಟ್ಟಿ ನೋಡಿಕೊಳ್ಳಬಹುದು. ಕೈಯಲ್ಲಿ ನಾಡಿ ನೋಡುವಂತೆ ಕಾಲಿನಲ್ಲಿಯೂ ಎರಡು ಕಡೆ ನಾಡಿ ಸಿಗುತ್ತದೆ. ಪಾದದ ಮೇಲ್ಭಾಗದ ನಡುವೆ ಒಂದು, ಒಳಗಡೆಯ ಹರಡಿನ ಗಂಟಿನ ಹಿಂದೆ ಇನ್ನೊಂದು. ಮೂರು ಬೆರಳಿಟ್ಟು ಮೆಲ್ಲಗೆ ಒತ್ತಿ ನೋಡಿ. ಕೆಲವು ಆರೋಗ್ಯವಂತರಿಗೂ ಪಾದದ ಮೇಲಿನ ನಾಡಿ ಸಿಗುವುದಿಲ್ಲ. ಆದ್ದರಿಂದ ಸಿಗಲಿಲ್ಲವೆಂದು ಗಾಬರಿ ಬೇಡ. ಆದರೆ ನಾಡಿ ಸಿಗದೆ, ಮೇಲೆ ಹೇಳಿದ ನೋವೂ ಇದ್ದು, ಬೀಡಿಯ ಅಭ್ಯಾಸವೂ ಇದ್ದರೆ ಅದೇ ವಾರ ಆಸ್ಪತ್ರೆಗೆ ಹೋಗತಕ್ಕದ್ದು.

ಎಲ್ಲ ಕಾಲುನೋವೂ ಇದೇ ಅಲ್ಲ. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು ಅನೇಕ ಸಲ ನೋಯುವುದೇ ಇಲ್ಲ. ಸೊಂಟದಿಂದ ಜಗ್ಗಿಕೊಂಡು ಬರುವ ನೋವು ಬೆನ್ನಿನದು. ಬಹಳ ಹೊತ್ತು ನಿಂತರೆ ಕಾಲು ಊದಿ, ನರ ಉಬ್ಬಿ ಕಾಣುವುದು ಬೇರೆ ರೋಗ. ಈ ರೋಗವನ್ನು ಹೇಳಿಬಿಡುವಂಥ ಒಂದೇ ರಕ್ತಪರೀಕ್ಷೆ ಇಲ್ಲ. ವೈದ್ಯರು ಸಕ್ಕರೆ, ಕೊಬ್ಬು, ಹೃದಯ ಇವುಗಳನ್ನು ಪರೀಕ್ಷಿಸಿ, ಕಾಲಿನ ರಕ್ತದೊತ್ತಡವನ್ನು ಕೈಯ ಒತ್ತಡದೊಡನೆ ಹೋಲಿಸಿ, ಡಾಪ್ಲರ್ ಸ್ಕ್ಯಾನಿನಲ್ಲಿ ರಕ್ತದ ಓಟ ನೋಡಿ ನಿರ್ಧರಿಸುತ್ತಾರೆ.

ಒಂದು ಎಚ್ಚರಿಕೆ: ಕಾಲು ಇದ್ದಕ್ಕಿದ್ದಂತೆ ಬಿಳಿಚಿ, ತಣ್ಣಗಾಗಿ, ಮರಗಟ್ಟಿದರೆ ಬೆಳಗಾಗಲಿ ಎಂದು ಕಾಯಬಾರದು. ಅಂಥದರಲ್ಲಿ ಗಂಟೆಗಳ ಲೆಕ್ಕ. 108ಕ್ಕೆ ಕರೆ ಮಾಡಿ ಕೂಡಲೆ ಹೊರಡಬೇಕು.

ಮಾಡಬಾರದ ಕೆಲಸಗಳು

ಬಿಸಿನೀರಿನ ಶಾಖ, ಮರಳಿನ ಶಾಖ, ಕೆಂಡದ ಮೇಲೆ ಕಾಲು ಕಾಯಿಸುವುದು ಇವು ಯಾವುವೂ ಕೂಡದು. ರಕ್ತ ಓಡುತ್ತಿದ್ದರೆ ಶಾಖವನ್ನು ಅದು ಹೊತ್ತೊಯ್ಯುತ್ತದೆ. ಓಡದಿದ್ದರೆ ಶಾಖ ಅಲ್ಲಿಯೇ ನಿಂತು ಮಾಂಸ ಬೇಯುತ್ತದೆ. ಆಣಿಗೆ ಎಕ್ಕದ ಹಾಲು ಹಚ್ಚುವುದು, ಬ್ಲೇಡಿನಿಂದ ಕೊಯ್ಯುವುದು, ಹುಣ್ಣಿಗೆ ಬೂದಿ ಸಗಣಿ ಮೆತ್ತುವುದು ಇವನ್ನೂ ಮಾಡಬಾರದು. ಬಿಗಿಯಾಗಿ ಪಟ್ಟಿ ಕಟ್ಟಬಾರದು.

ಮಾಡತಕ್ಕದ್ದು ಇಷ್ಟು. ದಿನವೂ ಉಗುರು ಬೆಚ್ಚನೆಯ ನೀರಿನಲ್ಲಿ ಕಾಲು ತೊಳೆದು, ಬೆರಳ ಸಂದಿಯನ್ನು ಒಣಬಟ್ಟೆಯಿಂದ ಒರಸಬೇಕು. ಉಗುರನ್ನು ನೇರವಾಗಿ ಕತ್ತರಿಸಬೇಕು. ಬರಿಗಾಲಿನಲ್ಲಿ ಹೊಲಕ್ಕೆ ಹೋಗಬಾರದು. ಒಂದು ಜಾಲಿ ಮುಳ್ಳು ಸಾಕು, ಒಂದು ಬೆರಳು ಹೋಗಲು. ಗಾಯವಾದರೆ ಅಂದೇ ಆರೋಗ್ಯ ಕೇಂದ್ರದಲ್ಲಿ ತೋರಿಸಬೇಕು.

ಚಿಕಿತ್ಸೆ

ಚಿಕಿತ್ಸೆಯಲ್ಲಿ ಮುಖ್ಯವಾದದ್ದು ಒಂದೇ: ಹೊಗೆಸೊಪ್ಪನ್ನು ಪೂರ್ತಿ ಬಿಡುವುದು. ಉಳಿದವೆಲ್ಲ ಅದರ ಹಿಂದೆ ಬರತಕ್ಕವು. “ಕಡಮೆ ಮಾಡಿದ್ದೇನೆ, ಊಟವಾದ ಮೇಲೆ ಒಂದೇ ಒಂದು” ಎಂದರೆ ಆಗುವುದಿಲ್ಲ. ದಿನಕ್ಕೆ ಒಂದೆರಡು ಬೀಡಿ ಇದ್ದರೂ ರೋಗ ಜೀವಂತವಾಗಿರುತ್ತದೆ. ಹೊಲದಲ್ಲಿ ಗರಿಕೆಯ ಒಂದು ಗಿಣ್ಣು ಉಳಿದರೂ ಏನಾಗುತ್ತದೆಂದು ನಿಮಗೆ ಗೊತ್ತು.

ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ವೈದ್ಯರು ಇಂಥ ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿ 1990ರಲ್ಲಿ ಲೆಕ್ಕ ಪ್ರಕಟಿಸಿದರು. ಹೊಗೆಸೊಪ್ಪು ಬಿಟ್ಟವರಲ್ಲಿ ಬೆರಳನ್ನೋ ಕಾಲನ್ನೋ ಕಳೆದುಕೊಂಡವರು ನೂರಕ್ಕೆ ಸುಮಾರು 5. ಬಿಡದವರಲ್ಲಿ ನೂರಕ್ಕೆ 40ಕ್ಕೂ ಹೆಚ್ಚು. ಇಷ್ಟು ಅಂತರ ಕೊಡುವ ಗುಳಿಗೆ ಈ ರೋಗಕ್ಕೆ ಬೇರೆ ಇಲ್ಲ.

ಆಸ್ಪತ್ರೆಯಲ್ಲಿ ಮಾಡುವುದೇನೆಂದರೆ, ಹುಣ್ಣನ್ನು ಶುಚಿಮಾಡಿ ಕಟ್ಟುತ್ತಾರೆ. ಕೀವಾಗಿದ್ದರೆ ಅದಕ್ಕೆ ಔಷಧಿ, ನೋವಿಗೆ ಔಷಧಿ ಕೊಡುತ್ತಾರೆ. ನಾಳಗಳನ್ನು ಹಿಗ್ಗಿಸುವ ಐಲೋಪ್ರೋಸ್ಟ್ ಎಂಬ ಔಷಧಿಯನ್ನು ಕೆಲವರಿಗೆ ಡ್ರಿಪ್ ಮೂಲಕ ಕೊಡುವುದುಂಟು. ನಾಳವನ್ನು ಬಿಗಿಮಾಡುವ ನರವನ್ನು ಸೊಂಟದ ಹತ್ತಿರ ಕತ್ತರಿಸುವ ಶಸ್ತ್ರಚಿಕಿತ್ಸೆಯೂ ಇದೆ. ಇದರಿಂದ ಕೆಲವರಿಗೆ ನೋವು ಇಳಿಯುತ್ತದೆ, ಹುಣ್ಣು ಮಾಯಲು ಸಹಾಯವಾಗುತ್ತದೆ. ಮುಚ್ಚಿದ ಜಾಗವನ್ನು ಬಳಸಿಕೊಂಡು ಹೊಸ ನಾಳ ಜೋಡಿಸುವುದು ಈ ರೋಗದಲ್ಲಿ ಬಹುಮಂದಿಗೆ ಆಗದ ಕೆಲಸ, ಏಕೆಂದರೆ ಕೆಳಗಿನ ಸಣ್ಣ ಕಾಲುವೆಗಳೇ ಮುಚ್ಚಿರುತ್ತವೆ. ಖರ್ಚಿನ ಭಯದಿಂದ ಮನೆಯಲ್ಲಿ ಕೂರಬೇಡಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಯಾವ ನೆರವು ದೊರೆಯುತ್ತದೆಂದು ಪಡಿತರ ಚೀಟಿ ತೆಗೆದುಕೊಂಡು ಹೋಗಿ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ.

ಕಾಲು ಕಳೆದುಕೊಂಡವರೂ ಧೈರ್ಯಗೆಡಬೇಕಾಗಿಲ್ಲ. ಡಾಕ್ಟರ್ ಪಿ. ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮ ಇವರು 1968ರಲ್ಲಿ ರೂಪಿಸಿದ ಜೈಪುರ ಕಾಲು ನಮ್ಮ ಜನರಿಗೆಂದೇ ಮಾಡಿದ್ದು. ಅದನ್ನು ತೊಟ್ಟು ಬರಿಗಾಲಿನಲ್ಲಿ ನಡೆಯಬಹುದು, ಕುಕ್ಕರುಗಾಲಿನಲ್ಲಿ ಕೂರಬಹುದು, ಗದ್ದೆಗೆ ಇಳಿಯಬಹುದು. ಆದರೆ ಮರದ ಕಾಲು ಎಷ್ಟು ಒಳ್ಳೆಯದಾದರೂ ಹೆತ್ತ ಕಾಲಿಗೆ ಸಮವಲ್ಲ.

ಬೀಡಿ ಬಿಡುವ ಬಗೆ

“ಹೇಳುವುದು ಸುಲಭ, ಬಿಡುವುದು ಕಷ್ಟ” ಎನ್ನುತ್ತೀರಿ. ನಿಜ. ಬಿಟ್ಟ ಮೊದಲ ಕೆಲವು ದಿನ ಸಿಡುಕು, ನಿದ್ದೆಗೇಡು, ತಲೆನೋವು ಇರುತ್ತವೆ. ಎರಡು ಮೂರು ವಾರಗಳಲ್ಲಿ ಬಹುಮಟ್ಟಿಗೆ ಇಳಿಯುತ್ತವೆ. ಒಂದು ದಿನವನ್ನು ಗೊತ್ತುಮಾಡಿ, ಹೆಂಡತಿ ಮಕ್ಕಳ ಮುಂದೆ ಹೇಳಿ, ಬೀಡಿ ಬೆಂಕಿಪೊಟ್ಟಣಗಳನ್ನು ಮನೆಯಿಂದ ಹೊರಗೆ ಹಾಕಿ. ಬೀಡಿಯ ಆಸೆ ಬಂದಾಗ ಅದು ಕೆಲವು ನಿಮಿಷ ಮಾತ್ರ ಇರುತ್ತದೆ. ಆಗ ನೀರು ಕುಡಿಯಿರಿ, ಹುರಿಗಡಲೆಯನ್ನೋ ಸೋಂಪನ್ನೋ ಬಾಯಿಗೆ ಹಾಕಿಕೊಳ್ಳಿ, ಎದ್ದು ಬೇರೆ ಕೆಲಸ ಹಿಡಿಯಿರಿ. 1800-11-2356 ಎಂಬ ಸಂಖ್ಯೆಗೆ ಹಣವಿಲ್ಲದೆ ಕರೆ ಮಾಡಿದರೆ ಬಿಡುವ ಬಗೆಯನ್ನು ತಿಳಿಸಿಕೊಡುತ್ತಾರೆ.

ಅಂಗಡಿಯಲ್ಲಿ ಸಿಗುವ ನಿಕೋಟಿನ್ ಗಮ್ಮನ್ನು ಈ ರೋಗವಿರುವವರು ತಾವಾಗಿ ಕೊಂಡು ತಿನ್ನಬಾರದು. ಬೇರೆಯವರಿಗೆ ಅದು ಸಹಾಯಕವಾದರೂ, ಇವರಿಗೆ ನಿಕೋಟಿನ್ನೇ ಕೂಡದೆಂಬುದು ವೈದ್ಯರ ಸಾಮಾನ್ಯ ಸಲಹೆ. ನಿಕೋಟಿನ್ ಇಲ್ಲದ ಬೇರೆ ಗುಳಿಗೆಗಳಿವೆ. ಅವನ್ನು ವೈದ್ಯರು ಬರೆದುಕೊಡುತ್ತಾರೆ. ಹಾಗೆಯೇ ಪಿರಿಯಾಪಟ್ಟಣ, ಹುಣಸೂರು, ನಿಪ್ಪಾಣಿಯ ಕಡೆ ಹೊಗೆಸೊಪ್ಪಿನ ಕೆಲಸಕ್ಕೆ ಹೋಗುವವರು ತಿಳಿದಿರಬೇಕಾದ ಮಾತೊಂದಿದೆ. ಒದ್ದೆಯಾದ ಹಸಿ ಎಲೆಯನ್ನು ಮುಟ್ಟಿದರೆ ನಿಕೋಟಿನ್ ಚರ್ಮದ ಮೂಲಕವೂ ಮೈಗೆ ಸೇರುತ್ತದೆ.

ಇದರಲ್ಲಿ ಊರಿನ ಪಾತ್ರವೂ ಇದೆ. ನಾಟಿಗೂ ಕುಯಿಲಿಗೂ ಬಂದ ಆಳುಗಳಿಗೆ ಬೀಡಿ ಕಟ್ಟು ಕೊಡುವ ಪದ್ಧತಿ ನಮ್ಮಲ್ಲಿ ಇದೆ. ಮಜ್ಜಿಗೆ ಬೆಲ್ಲ ಕೊಟ್ಟರೆ ಮರ್ಯಾದೆ ಕಡಮೆಯಾಗುವುದೇ? “ಹೋಗಿ ಬೀಡಿ ತಗೊಂಡು ಬಾ” ಎಂದು ಮಕ್ಕಳನ್ನು ಅಂಗಡಿಗೆ ಅಟ್ಟುವುದನ್ನು ಇಂದೇ ನಿಲ್ಲಿಸೋಣ. ಸಾರ್ವಜನಿಕ ಸ್ಥಳದಲ್ಲಿ ಧೂಮಪಾನ ಕೂಡದೆಂಬ ನಿಯಮ 2008ನೆಯ ಇಸವಿಯ ಗಾಂಧಿ ಜಯಂತಿಯಿಂದ ದೇಶಕ್ಕೆಲ್ಲ ಜಾರಿಯಲ್ಲಿದೆ. ಪಂಚಾಯಿತಿ ಕಟ್ಟಡದಲ್ಲಾದರೂ ಅದನ್ನು ನಡೆಸಿ ತೋರಿಸೋಣ.

ರಕ್ತನಾಳದ ಇನ್ನು ಮೂರು ಉರಿಯೂತಗಳು

ಹೊಗೆಸೊಪ್ಪಿಗೆ ಸಂಬಂಧವಿಲ್ಲದ ರಕ್ತನಾಳದ ಉರಿಯೂತಗಳೂ ಉಂಟು. ಅಪರೂಪವಾದರೂ ಮೂರನ್ನು ತಾಯಂದಿರು ನೆನಪಿಟ್ಟುಕೊಳ್ಳಬೇಕು.

ಮೊದಲನೆಯದು ಹರೆಯದ ಹೆಣ್ಣುಮಕ್ಕಳಲ್ಲಿ ಹೆಚ್ಚಾಗಿ ಕಾಣುವ ತಕಯಾಸು ರೋಗ. ಜಪಾನಿನ ಕಣ್ಣಿನ ವೈದ್ಯ ಮಿಕಿಟೊ ತಕಯಾಸು 1908ರಲ್ಲಿ ಇದನ್ನು ತಿಳಿಸಿದರು. ಒಂದು ಕೈಯಲ್ಲಿ ನಾಡಿ ಸಿಗದಿರುವುದು, ಬಟ್ಟೆ ಒಗೆಯುವಾಗ ಕೈ ಸೋತುಹೋಗುವುದು, ಎಳೆಯ ವಯಸ್ಸಿಗೇ ರಕ್ತದೊತ್ತಡ ಏರುವುದು ಇದರ ಗುರುತು.

ಎರಡನೆಯದು 50 ದಾಟಿದವರ ಕಣತಲೆಯ ನಾಳದ ಉರಿಯೂತ. ಹೊಸದಾಗಿ ಬಂದ ತಲೆನೋವು, ತಲೆ ಬಾಚಿದರೆ ನೋವು, ಅಗಿಯುವಾಗ ದವಡೆ ನೋವು. ತಡಮಾಡಿದರೆ ಕಣ್ಣೇ ಹೋಗಬಹುದು. ಈ ಎರಡು ರೋಗಗಳಿಗೂ ಸ್ಟೀರಾಯ್ಡ್ ಮುಂತಾದ ಔಷಧಿಗಳಿವೆ. ವೈದ್ಯರು ಹೇಳದೆ ಅವನ್ನು ನಿಲ್ಲಿಸಬಾರದು.

ಮೂರನೆಯದು ಮಕ್ಕಳಲ್ಲಿ ಬರುವುದು. ಕಾಲಿನ ಮೇಲೂ ಪೃಷ್ಠದ ಮೇಲೂ ಒತ್ತಿದರೂ ಮಾಸದ ಕೆನ್ನೀಲಿ ಚುಕ್ಕೆಗಳು, ಕೀಲುನೋವು, ಹೊಟ್ಟೆನೋವು. ಬಹುಪಾಲು ಮಕ್ಕಳಿಗೆ ತಾನಾಗಿ ವಾಸಿಯಾಗುತ್ತದೆ. ಆದರೆ ಮೂತ್ರಪಿಂಡಕ್ಕೆ ತಗುಲುವುದುಂಟು. ಆದುದರಿಂದ ಮೂತ್ರ ಪರೀಕ್ಷೆಯನ್ನು ವೈದ್ಯರು ಹೇಳಿದಷ್ಟು ಸಲ ಮಾಡಿಸಬೇಕು.

ಕಡೆಯ ಮಾತು

ಮೊದಲು ಹೇಳಿದ ರೈತರ ಸಂಗತಿ ಮುಗಿಸುತ್ತೇನೆ. ಅವರ ಎರಡು ಬೆರಳು ತೆಗೆಯಬೇಕಾಯಿತು. ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯಲ್ಲಿ ಇದೇ ರೋಗದ ಇನ್ನೊಬ್ಬರಿದ್ದರು. ಅವರಿಗೆ ಮೊದಲು ಬೆರಳು, ಆಮೇಲೆ ಪಾದ, ಆಮೇಲೆ ಮೊಣಕಾಲ ಕೆಳಗೆ ಕಾಲು ಹೋಗಿತ್ತು. ಅಷ್ಟಾದರೂ ಸಂಜೆ ಹೊರಗೆ ಹೋಗಿ ಒಂದು ಬೀಡಿ ಎಳೆದು ಬರುತ್ತಿದ್ದರು. ನಮ್ಮ ರೈತರು ಅದನ್ನು ಮೂರು ದಿನ ನೋಡಿದರು. ನಾಲ್ಕನೆಯ ದಿನ ಜೇಬಿನಲ್ಲಿದ್ದ ಕಟ್ಟನ್ನು ನನ್ನ ಕೈಗೆ ಕೊಟ್ಟು, “ಸ್ವಾಮಿ, ಇದನ್ನ ಹುಳಕ್ಕೆ ಹೊಡೀರಿ” ಎಂದರು. ಆಮೇಲೆ ಮುಟ್ಟಿಲ್ಲ. ಹುಣ್ಣು ಮಾಯಲು ನಾಲ್ಕು ತಿಂಗಳು ಹಿಡಿಯಿತು. ಈ ಸಲದ ಹಿಂಗಾರಿನಲ್ಲಿ ಕೆರೆ ಏರಿಯ ಮೇಲೆ ಅವರೊಡನೆ ಗದ್ದೆಗೆ ಹೋದೆ. ಒಂದು ಸಲ ಮಾತ್ರ ನಿಂತರು. ಅದೂ ನೀರಿನ ಮಟ್ಟ ನೋಡುವುದಕ್ಕೆ.

ಈ ಸಭೆಯಲ್ಲಿರುವ ಬೀಡಿ ಸೇದುವವರನ್ನು ನಾನು ಬೈಯಲು ಬಂದಿಲ್ಲ. ಕೇಳಿಕೊಳ್ಳುವುದು ಇಷ್ಟೇ: ಸಭೆ ಮುಗಿದ ಮೇಲೆ ಚಪ್ಪಲಿ ಬಿಟ್ಟು ಪಾದದ ನಾಡಿಯನ್ನು ಮುಟ್ಟಿ ನೋಡಿಕೊಳ್ಳಿ. ಸಿಗದಿದ್ದರೆ ಆಶಾ ಕಾರ್ಯಕರ್ತೆಯರಿಗೆ ತಿಳಿಸಿ. ನಡೆದರೆ ನೋಯುತ್ತಿದ್ದರೆ ಮುಚ್ಚಿಡಬೇಡಿ. ಇನ್ನು ನಾನು ಯಾರಿಗೂ ಬಿಸಿನೀರು ಹೇಳುವುದಿಲ್ಲ. ನನ್ನ ಸೈಕಲ್ಲಿನ ಹಿಂದೆ ಕೂರಿಸಿಕೊಂಡಾದರೂ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ.